ತಾರಸಿ ಕುಂಡದ ಹೂಗಿಡ ಹಳದಿಯಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಲಿಗೆ, ಗುಲಾಬಿ, ದಾಸವಾಳ ಈ ಮೂರೂ ಮೊಗ್ಗು ಬಿಡುವ ಹೊತ್ತಿಗೇ ಎಲೆ ಹಳದಿ ಮಾಡಿಕೊಂಡು ಕೂರುತ್ತವೆ. ಅದರ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಅಳತೆಗಳೆಲ್ಲ 12 ಇಂಚಿನ ಕುಂಡಕ್ಕೆ, ಅಂದರೆ ಸುಮಾರು 15 ಲೀಟರ್ ಮಣ್ಣು ಹಿಡಿಯುವ ಕುಂಡಕ್ಕೆ ಹೇಳಿದವು. ಕುಂಡ ಚಿಕ್ಕದಿದ್ದರೆ ಹಾಕುವ ದ್ರಾವಣ ಕಡಿಮೆ ಮಾಡಿ, ಲೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ ಬದಲಿಸಬೇಡಿ.

## ಮೊದಲು ನೋಡಬೇಕಾದ್ದು

ಎಲೆ ಹಳದಿಯಾಗ್ತಿದೆ, ಯಾವ ಗೊಬ್ಬರ ಹಾಕ್ಲಿ?

ಸದ್ಯಕ್ಕೆ ಯಾವುದೂ ಬೇಡ. ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ: ಕೆಳಗಿನ ಹಳೆಯದೋ, ತುದಿಯ ಹೊಸದೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವಂಥವು. ಕಡಿಮೆ ಬಿದ್ದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ, ಮೊಗ್ಗಿಗೆ ಕಳಿಸುತ್ತದೆ. ಹಾಗಾಗಿ ಲಕ್ಷಣ ಕೆಳಗಿನಿಂದ ಶುರುವಾಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಒಂದು ಎಲೆ ಸೇರಿದರೆ ಅಲ್ಲೇ ಉಳಿದುಬಿಡುತ್ತವೆ. ಅವು ಸಿಗದಿದ್ದರೆ ಪೆಟ್ಟು ಬೀಳುವುದು ಚಿಗುರಿಗೆ. ಸತು ಮತ್ತು ಗಂಧಕ ಸ್ವಲ್ಪ ಓಡಾಡುತ್ತವೆ, ಆದರೆ ಲಕ್ಷಣ ಕಾಣುವುದು ಹೆಚ್ಚಾಗಿ ಮೇಲ್ಗಡೆಯೇ. ಇದೊಂದು ನೋಡಿದರೆ ಸಾಕು, ಅರ್ಧ ಪಟ್ಟಿ ಬಿಟ್ಟುಹೋಗುತ್ತದೆ.

ಇನ್ನೊಂದು ಮಾತು. ಕುಂಡದಲ್ಲಿ ಕಾಣುವ ಹೆಚ್ಚಿನ "ಕೊರತೆ" ಗೊಬ್ಬರ ಇಲ್ಲದ್ದಲ್ಲ. ಗೊಬ್ಬರ ಇದೆ, ಬೇರು ತೆಗೆದುಕೊಳ್ಳಲಾಗುತ್ತಿಲ್ಲ, ಅಷ್ಟೇ. ಅದರ ಮೇಲೆ ಮತ್ತೊಂದು ಚಮಚ ಸುರಿದರೆ ರೋಗಕ್ಕಿಂತ ಮದ್ದೇ ಭಾರವಾಗುತ್ತದೆ.

ಹೂ ಬಿಡೋ ಟೈಮಲ್ಲಿ ಕೆಳಗಿನ ಎಲೆ ಹಣ್ಣಾಗಿ ಉದುರೋದು ಮಾಮೂಲಿನಾ?

ನಾಲ್ಕೈದು ಎಲೆ ಉದುರಿದರೆ ಮಾಮೂಲಿ. ಮೊಗ್ಗು ಕಟ್ಟುವಾಗ ಗಿಡ ಹಳೆ ಎಲೆಯ ಸಾರಜನಕವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನೆರಳಲ್ಲಿ ಸಿಕ್ಕಿಕೊಂಡ ಒಳಗಿನ ಎಲೆಗಳು ಹೇಗೂ ಉದುರುತ್ತವೆ. ಹಳದಿ ವಾರವಾರ ಮೇಲೇರಿ ಮಧ್ಯದ ಎಲೆಗಳಿಗೂ ಬಂದರೆ, ಹೊಸ ಮೊಗ್ಗಿನ ಗಾತ್ರ ಇಳಿದರೆ ಆಗ ಮುಂದಿನ ಉತ್ತರಗಳನ್ನು ಓದಿ.

ಇದು ಕೊರತೆಯೋ, ಹುಳದ ಕಾಟವೋ ಹೇಗೆ ಗೊತ್ತಾಗತ್ತೆ?

ಕೊರತೆಗೆ ಒಂದು ಕ್ರಮ ಇರುತ್ತದೆ. ನಡುನರದ ಎಡಕ್ಕೂ ಬಲಕ್ಕೂ ಒಂದೇ ರೀತಿ, ಒಂದೇ ವಯಸ್ಸಿನ ಎಲೆಗಳಿಗೆಲ್ಲ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತದೆ. ಎಲೆಯ ಒಂದೇ ಮಗ್ಗುಲಿಗೆ, ಒಂದೇ ಕೊಂಬೆಗೆ, ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಬಂದರೆ ಗೊಬ್ಬರದ ಯೋಚನೆ ಬಿಡಿ.

ಬೇಸಿಗೆಯಲ್ಲಿ ಎಲ್ಲರನ್ನೂ ಏಮಾರಿಸುವುದು ಕೆಂಪು ನುಸಿ. ಎಲೆ ಮಂಕಾಗಿ, ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳಿಂದ ತುಂಬುತ್ತದೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯಲು ಶುರು ಮಾಡಿದರೆ ಅದು ನುಸಿ. ಗುಲಾಬಿಯಲ್ಲಿ ಅಂಚು ಚದುರಿದ ಕಪ್ಪು ವೃತ್ತ, ಅದರ ಸುತ್ತ ಹಳದಿ ಕಂಡರೆ ಅದು ಕಪ್ಪು ಚುಕ್ಕೆ ಶಿಲೀಂಧ್ರ. ದಾಸವಾಳದ ಚಿಗುರು ಮುದುಡಿ ಗಂಟು ಕಟ್ಟಿದ್ದರೆ ಒಳಗೆ ಹಿಟ್ಟು ತಿಗಣೆ ಇದೆಯೇ ಬಿಡಿಸಿ ನೋಡಿ. ಅದನ್ನು ಬೋರಾನ್ ಕೊರತೆ ಎಂದುಕೊಂಡು ಬಿಳಿಗಾರ (ಬೊರಾಕ್ಸ್) ಹಾಕುವವರೇ ಜಾಸ್ತಿ.

ದಿನಾ ನೀರು ಹಾಕ್ತೀನಿ, ಆದ್ರೂ ಗಿಡ ಸೋತು ಹಳದಿ ಆಗ್ತಿದೆ. ಯಾಕೆ?

ಬಹುಶಃ ದಿನಾ ಹಾಕುವುದರಿಂದಲೇ. ಬೇರಿಗೆ ಗಾಳಿ ಸಿಗದಿದ್ದರೆ ಎದುರಿಗೇ ಇರುವ ಕಬ್ಬಿಣ, ಸಾರಜನಕ ಯಾವುದನ್ನೂ ಅದು ಎಳೆದುಕೊಳ್ಳಲಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ. ತಣ್ಣಗೆ ಅಂಟಿದರೆ ಆ ದಿನ ನೀರು ಬೇಡ. ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಇನ್ನೂ ಒಳ್ಳೆಯದು. ತಳದ ತೂತಿನಲ್ಲಿ ಕಡ್ಡಿ ಆಡಿಸಿ, ಕೆಂಪು ಮಣ್ಣು ಕೆಸರಾಗಿ ತೂತು ಮುಚ್ಚಿರುವುದು ತೀರಾ ಸಾಮಾನ್ಯ. ಗಿಡವನ್ನು ಮೆಲ್ಲಗೆ ಹೊರಗೆಳೆದಾಗ ಬೇರು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ದಾರದಂಥ ಒಳಭಾಗ ಉಳಿದರೆ ಬೇರು ಕೊಳೆತಿದೆ. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಗಿಡವನ್ನೂ ಮೂರನೇ ಒಂದು ಭಾಗ ಸವರಿ, ಹೊಸ ಮಿಶ್ರಣದಲ್ಲಿ ನೆಡಿ. ಹೊಸ ಚಿಗುರು ಬರುವವರೆಗೆ ಗೊಬ್ಬರ ಮುಟ್ಟಬೇಡಿ.

## ಎಲೆ ಓದುವುದು

ಹಳೇ ಎಲೆ ಪೂರ್ತಿ ಹಳದಿ, ನರಾನೂ ಹಳದಿ. ಏನಿದು?

ಸಾರಜನಕ. ನರ ಸಮೇತ ಇಡೀ ಎಲೆ ಬಿಳಿಚಿಕೊಳ್ಳುತ್ತದೆ, ಹೊಸ ಎಲೆ ಚಿಕ್ಕದಾಗುತ್ತದೆ, ಕಡ್ಡಿ ತೆಳ್ಳಗಾಗುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ತೆರೆದ ತಾರಸಿಯ ಕುಂಡಗಳಿಗೆ ಇದು ಖಂಡಿತ, ಮಳೆ ನೈಟ್ರೇಟನ್ನೆಲ್ಲ (ನೀರಿನಲ್ಲಿ ಕರಗುವ ಸಾರಜನಕ) ತೊಳೆದುಬಿಡುತ್ತದೆ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಈ ಕ್ರಮದಲ್ಲಿ ಶೇಕಡಾ ಲೆಕ್ಕ) ನೀರಿನಲ್ಲಿ ಕರಗುವ ಗೊಬ್ಬರ ಲೀಟರಿಗೆ 2 ಗ್ರಾಂ, ಕುಂಡಕ್ಕೆ ಒಂದು ಲೀಟರ್, 10 ದಿನಕ್ಕೊಮ್ಮೆ ಎರಡು ಮೂರು ಸಲ. ಮಣ್ಣು ಒದ್ದೆಯಾಗಿರುವಾಗಲೇ ಕೊಡಿ, ಒಣ ಬೇರಿಗೆ ಕೊಟ್ಟರೆ ಸುಡುತ್ತದೆ. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ. ಹೊಲಕ್ಕೆ ಅದು ಸರಿ, ಕುಂಡಕ್ಕೆ ಕೈ ಸ್ವಲ್ಪ ಜಾರಿದರೂ ಗಿಡ ಹೋಯಿತು.

ಇಲ್ಲಿ ಅತಿಯೂ ಕೆಟ್ಟದ್ದೇ. ಎಲೆ ಕಡು ಹಸಿರಾಗಿ, ಬಳ್ಳಿ ಮಾರುದ್ದ ಬೆಳೆದು, ಮೊಗ್ಗೇ ಇಲ್ಲದ ಮಲ್ಲಿಗೆಗೆ ಸಾರಜನಕ ಹೆಚ್ಚಾಗಿದೆ, ಇಲ್ಲವೇ ಬಿಸಿಲು ದಿನಕ್ಕೆ ಆರು ಗಂಟೆ ಸಿಗುತ್ತಿಲ್ಲ.

ಎಲೆ ಅಂಚು ಸುಟ್ಟ ಹಾಗಿದೆ. ಪೊಟ್ಯಾಷ್ ಕಮ್ಮಿನಾ?

ಇರಬಹುದು, ಆದರೆ ಮಣ್ಣಿನಲ್ಲಿ ಉಪ್ಪು (ಗೊಬ್ಬರ, ನೀರಿನಿಂದ ಉಳಿದ ಲವಣ) ಜಾಸ್ತಿಯಾದರೂ ಅಂಚೇ ಸುಡುತ್ತದೆ. ಮದ್ದು ಒಂದಕ್ಕೊಂದು ತದ್ವಿರುದ್ಧವಾದ್ದರಿಂದ ಇಲ್ಲಿ ಆತುರ ಬೇಡ. ಪೊಟ್ಯಾಷ್ ಕೊರತೆಯಲ್ಲಿ ಹಳೆ ಎಲೆಯ ಅಂಚು ಮೊದಲು ಹಳದಿಯಾಗಿ, ಆ ಹಳದಿ ಪಟ್ಟಿಯ ಹೊರಗಡೆ ಕಂದಾಗುತ್ತದೆ, ಹೂ ಚಿಕ್ಕದಾಗುತ್ತದೆ, ಗುಲಾಬಿಯ ಕತ್ತು ಬಾಗುತ್ತದೆ. ಉಪ್ಪಿನ ಸುಡುವಿಕೆಯಲ್ಲಿ ಹಸಿರಿನಿಂದ ನೇರವಾಗಿ ಕಂದಿಗೆ ಹೋಗುತ್ತದೆ, ಮಧ್ಯೆ ಹಳದಿ ಪಟ್ಟಿ ಅಷ್ಟಾಗಿ ಇರುವುದಿಲ್ಲ. ಮಣ್ಣಿನ ಮೇಲೆ ಅಥವಾ ಕುಂಡದ ಹೊರಮೈಗೆ ಬಿಳಿ ಪುಡಿ ಕಟ್ಟಿರುತ್ತದೆ, ಆಗ ಕೊನೆಯ ಭಾಗದಲ್ಲಿ ಹೇಳಿದಂತೆ ಕುಂಡ ತೊಳೆಯಿರಿ. ಪೊಟ್ಯಾಷ್ ಕೊರತೆ ಖಚಿತವಾದರೆ 13:0:45 ಲೀಟರಿಗೆ 2 ಗ್ರಾಂ, ಮೊಗ್ಗು ಕಾಣಿಸಿದ ದಿನದಿಂದ 10 ದಿನಕ್ಕೊಮ್ಮೆ. ದಾಸವಾಳ ಪೊಟ್ಯಾಷನ್ನು ಬಹಳ ಕೇಳುವ ಗಿಡ, ಅದಕ್ಕೆ ಇದನ್ನು ಇಡೀ ಹೂಗಾಲ ಕೊಟ್ಟರೂ ನಡೆಯುತ್ತದೆ.

ನರ ಹಸಿರು, ಮಧ್ಯೆ ಮಾತ್ರ ಹಳದಿ. ಮೆಗ್ನೀಷಿಯಮ್ಮಾ, ಕಬ್ಬಿಣಾನಾ?

ಹಳೆ ಎಲೆಯಲ್ಲಿ ಕಂಡರೆ ಮೆಗ್ನೀಷಿಯಂ, ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣ ಅಥವಾ ಮ್ಯಾಂಗನೀಸ್.

ಮೆಗ್ನೀಷಿಯಂ ಕೊರತೆಯಲ್ಲಿ ಎಲೆಯ ತೊಟ್ಟಿನ ಹತ್ತಿರ ತ್ರಿಕೋನಾಕಾರದ ಹಸಿರು ಕೊನೆಯವರೆಗೂ ಉಳಿಯುತ್ತದೆ, ಅಂಚು ಮತ್ತು ನರಗಳ ನಡುವಿನ ಜಾಗ ಹಳದಿಯಾಗುತ್ತದೆ. ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಲೀಟರಿಗೆ 5 ಗ್ರಾಂ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ. "ಎಲ್ಲಕ್ಕೂ ಎಪ್ಸಮ್" ಎಂದು ವಾರವಾರ ಸುರಿಯುವುದು ಈಗೊಂದು ಗೀಳಾಗಿದೆ. ಮೆಗ್ನೀಷಿಯಂ ಅತಿಯಾದರೆ ಕ್ಯಾಲ್ಸಿಯಂ ಒಳಹೋಗದಂತೆ ತಡೆಯುತ್ತದೆ. ಪೊಟ್ಯಾಷ್ ಅತಿಯಾದಾಗ ಮೆಗ್ನೀಷಿಯಂಗೆ ಆಗುವುದೂ ಇದೇ.

ಕಬ್ಬಿಣದ ಕೊರತೆಯಲ್ಲಿ ತುದಿಯ ಎಲೆ ನಿಂಬೆ ಹಳದಿಯಾಗಿ, ಕೂದಲೆಳೆಯಂಥ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ತೀವ್ರವಾದರೆ ಎಲೆ ಬೆಳ್ಳಗಾಗುತ್ತದೆ. ನರದ ಪಕ್ಕದಲ್ಲಿ ದಪ್ಪ ಹಸಿರು ಪಟ್ಟಿ ಉಳಿದು, ಹಳದಿ ಮಸುಕಾಗಿದ್ದು, ನಡುನಡುವೆ ಕಂದು ಚುಕ್ಕೆ ಬಂದರೆ ಮ್ಯಾಂಗನೀಸ್. ಮಲ್ಲಿಗೆಯಲ್ಲಿ ಹತ್ತಕ್ಕೆ ಎಂಟು ಸಲ ಕಬ್ಬಿಣವೇ ಎಂದು ಹಿಡಿದುಕೊಂಡು ಹೊರಡಬಹುದು.

ಎಲೆ ನೇರಳೆ ಬಣ್ಣಕ್ಕೆ ತಿರುಗಿದೆ, ರಂಜಕ ಕಮ್ಮಿ ಅಂದ್ರು. ಹೌದಾ?

ಗುಲಾಬಿಯ ಚಿಗುರು ಕೆಂಪು–ನೇರಳೆಯಾಗಿರುವುದು ಅದರ ಹುಟ್ಟುಗುಣ. ಹಳೆ ಎಲೆ ಮಂಕು ಕಡು ಹಸಿರಾಗಿ, ಅಡಿಭಾಗ ನೇರಳೆಯಾಗಿ, ಬೆಳವಣಿಗೆಯೂ ನಿಂತಿದ್ದರೆ ಮಾತ್ರ ರಂಜಕದ ಮಾತು. ಡಿಸೆಂಬರ್–ಜನವರಿಯ ಚಳಿಯಲ್ಲಿ ಬೇರು ಮಂದವಾಗಿ ಇದೇ ಲಕ್ಷಣ ತಾತ್ಕಾಲಿಕವಾಗಿ ಬರುತ್ತದೆ. ಎರೆಗೊಬ್ಬರ ಬಿದ್ದ ಕುಂಡದಲ್ಲಿ ನಿಜವಾದ ರಂಜಕ ಕೊರತೆ ಅಪರೂಪ.

ಮೊಗ್ಗು ಬರತ್ತೆ, ಅರಳೋ ಮೊದಲೇ ಉದುರತ್ತೆ. ಯಾವ ಪೋಷಕಾಂಶ?

ದಾಸವಾಳದಲ್ಲಿ ಮೊದಲ ಆರೋಪಿ ನೀರಿನ ಏರುಪೇರು: ಒಂದು ದಿನ ಒಣಗಿ ಬಾಡುವುದು, ಮರುದಿನ ಕೆಸರು. ಎರಡನೆಯದು ಥ್ರಿಪ್ಸ್ ಎಂಬ ಸಣ್ಣ ಕೀಟ. ಉದುರಿದ ಮೊಗ್ಗನ್ನು ಸೀಳಿ ನೋಡಿದರೆ ತಿಳಿಯುತ್ತದೆ. ಮಲ್ಲಿಗೆ ಮೊಗ್ಗಿನ ಬುಡ ಊದಿ, ನೇರಳೆಯಾಗಿ ಒಣಗಿದರೆ ಅದು ಮೊಗ್ಗಿನ ನೊಣದ ಮರಿ. ಮೊಗ್ಗಿಗೆ ತೂತಿದ್ದು ಒಳಗೆ ಹಿಕ್ಕೆ ಇದ್ದರೆ ಮೊಗ್ಗು ಕೊರೆಯುವ ಹುಳ. ಅಂಥ ಮೊಗ್ಗನ್ನು ಕಿತ್ತು ಕುಂಡಕ್ಕೇ ಎಸೆಯಬೇಡಿ, ಹೊರಗೆ ಹಾಕಿ.

ಇವೆಲ್ಲ ಇಲ್ಲ ಎಂದಾದ ಮೇಲೆ ಕ್ಯಾಲ್ಸಿಯಂ, ಬೋರಾನ್. ಎಳೆ ಎಲೆಯ ತುದಿ ಕೊಕ್ಕೆಯಂತೆ ಬಾಗಿ ಕರಿಯಾಗುವುದು ಕ್ಯಾಲ್ಸಿಯಂ ಕೊರತೆ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ ಬುಡಕ್ಕೆ ಕೊಡಿ. ಚಿಗುರು ತುದಿ ಸತ್ತು, ಪಕ್ಕದಿಂದ ಹಲವು ಕವಲೊಡೆದು, ಎಲೆ ದಪ್ಪಗಾಗಿ ಮುರಿಯುವಂತಾದರೆ ಬೋರಾನ್. ಬಿಳಿಗಾರ ಲೀಟರಿಗೆ ಅರ್ಧ ಗ್ರಾಂ, ಒಂದೇ ಸಲ ಸಿಂಪಡಣೆ. ಬೋರಾನಿನಲ್ಲಿ ಸಾಕು ಮತ್ತು ವಿಷದ ನಡುವಿನ ಅಂತರ ಬಹಳ ಕಿರಿದು, ಕಣ್ಣಳತೆಯಲ್ಲಿ ಹಾಕಲೇಬೇಡಿ.

ತುದಿಯಲ್ಲಿ ಎಲೆ ಚಿಕ್ಕ ಚಿಕ್ಕದಾಗಿ ಗುಚ್ಛ ಕಟ್ಟಿದೆ?

ಗೆಣ್ಣಿನ ನಡುವಿನ ಅಂತರ ಕುಗ್ಗಿ, ಎಲೆ ಸಣ್ಣದಾಗಿ, ನರಗಳ ಮಧ್ಯೆ ಹಳದಿ ಇದ್ದರೆ ಸತು. ಜಿಂಕ್ ಸಲ್ಫೇಟ್ ಲೀಟರಿಗೆ 2 ಗ್ರಾಂ ಸಿಂಪಡಿಸಿದರೆ ಸಾಕು.

## ನೀರು, ಮಣ್ಣು, ಅಡುಗೆಮನೆ

ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ ತಿಂಗಳಾಯ್ತು, ಮಲ್ಲಿಗೆ ಇನ್ನೂ ಹಳದೀನೇ. ಯಾಕೆ?

ಮಣ್ಣಿಗೆ ಹಾಕಿದ್ದರಿಂದ. ಮಣ್ಣಿನ ಪಿಎಚ್ (ಹುಳಿ–ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ) 7ಕ್ಕಿಂತ ಮೇಲಿದ್ದರೆ ಅನ್ನಭೇದಿಯ ಕಬ್ಬಿಣ ಕೆಲವೇ ದಿನಗಳಲ್ಲಿ ತುಕ್ಕಿನ ರೂಪಕ್ಕೆ ತಿರುಗಿ ಬೇರಿಗೆ ಸಿಗದೆ ಹೋಗುತ್ತದೆ. ಡಬ್ಬಿಯಲ್ಲಿರುವ ಹಸಿರು ಹರಳು ಕಂದು ಪುಡಿಯಾಗಿದ್ದರೆ ಅದು ಡಬ್ಬಿಯಲ್ಲೇ ಕೆಟ್ಟಿದೆ, ಎಸೆಯಿರಿ.

ಎಲೆಗೆ ಸಿಂಪಡಿಸಿ. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 3 ಗ್ರಾಂ ಅನ್ನಭೇದಿ, ಎರಡು ಹನಿ ಸೋಪು ದ್ರಾವಣ. ಈ ಕ್ರಮ ತಪ್ಪಿಸಬೇಡಿ, ಗಡಸು ನೀರಿಗೆ ನೇರ ಅನ್ನಭೇದಿ ಹಾಕಿದರೆ ನೀರು ಅಲ್ಲೇ ಕೆಂಪಾಗುತ್ತದೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ, ಎಲೆಯ ಅಡಿಭಾಗಕ್ಕೂ ತಾಗುವಂತೆ, ವಾರಕ್ಕೊಮ್ಮೆಯಂತೆ ಮೂರು ಸಲ. ಅರಳುವ ಮೊಗ್ಗಿನ ಮೇಲೆ ಬಿದ್ದರೆ ಬಿಳಿ ಎಸಳಿಗೆ ಕಂದು ಕಲೆ ಹತ್ತುತ್ತದೆ, ಆದ್ದರಿಂದ ಹೂ ಕೊಯ್ದ ಮೇಲೆ ಹೊಡೆಯಿರಿ. ಬುಡಕ್ಕೇ ಕೊಡಬೇಕೆಂದರೆ ಚೀಲೇಟ್ ರೂಪದ್ದು, ಅಂದರೆ ಕಬ್ಬಿಣ ತುಕ್ಕಾಗದಂತೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡದ್ದು ಬೇಕು. ಇಡಿಟಿಎ ಎಂಬ ಬಗೆಯ ಚೀಲೇಟ್ ಪಿಎಚ್ 6.5ರ ಆಸುಪಾಸಿನವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲಿದ್ದರೆ ಇಡಿಡಿಎಚ್‌ಎ ಬಗೆಯದನ್ನು ಕೊಳ್ಳಿ. ದುಬಾರಿ ನಿಜ, ಆದರೆ ಬುಡಕ್ಕೆ ಹಾಕಿದ್ದು ಗಿಡಕ್ಕೆ ಸೇರುತ್ತದೆ.

ನಮ್ಮದು ಬೋರ್‌ವೆಲ್ ನೀರು. ಅದರಿಂದ ತೊಂದ್ರೆ ಆಗತ್ತಾ?

ಆಗುತ್ತದೆ, ನಿಧಾನಕ್ಕೆ. ಗಡಸು ನೀರಿನ ಬೈಕಾರ್ಬೊನೇಟ್ ದಿನದಿನವೂ ಕುಂಡದ ಪಿಎಚ್ ಏರಿಸುತ್ತ ಹೋಗುತ್ತದೆ. ವರ್ಷದ ಹಿಂದೆ 6.5 ಇದ್ದದ್ದು 8ರ ಹತ್ತಿರ ಬಂದಾಗ ಕಬ್ಬಿಣ, ಮ್ಯಾಂಗನೀಸ್, ಸತು ಮೂರೂ ಕೈಕೊಡುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಕುಂಡದಲ್ಲೂ ಅದೇ ಆಗುತ್ತಿದೆ. ಬೆಂಗಳೂರಲ್ಲಿ ಕಾವೇರಿ ನೀರು ಬರುವ ಮನೆಯ ಗಿಡ ಹಸಿರಾಗಿದ್ದು, ಬೋರ್‌ವೆಲ್ ನಂಬಿದ ಪಕ್ಕದ ಮನೆಯ ಗಿಡ ಹಳದಿಯಾಗುವುದು ಇದಕ್ಕೇ. ಕಲಬುರಗಿ, ವಿಜಯಪುರದ ಕಡೆ ಸುಣ್ಣದಂಶವಿರುವ ಕಪ್ಪು ಮಣ್ಣನ್ನೇ ಕುಂಡಕ್ಕೆ ತುಂಬಿದರೆ ತೊಂದರೆ ಮೊದಲ ದಿನದಿಂದಲೇ ಶುರು. ಕರಾವಳಿಯ ಹುಳಿ ಮಣ್ಣಿನಲ್ಲಿ, ಮೆದು ನೀರಿನಲ್ಲಿ ಬೆಳೆವ ಶಂಕರಪುರ ಮಲ್ಲಿಗೆಗೆ ಈ ಕಾಟ ಕಡಿಮೆ.

ಪರಿಹಾರ: 10 ಲೀಟರ್ ಬೋರ್‌ವೆಲ್ ನೀರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಪಿಎಚ್ ಪಟ್ಟಿಯಲ್ಲಿ ನೋಡಿ. 6ರಿಂದ 6.5ಕ್ಕೆ ಬರುವವರೆಗೆ ಚಿಟಿಕೆ ಚಿಟಿಕೆ ಸೇರಿಸಿ. ಆಮ್ಲ ಸಿಗದಿದ್ದರೆ ಒಂದು ದೊಡ್ಡ ನಿಂಬೆಹಣ್ಣಿನ ರಸ ಹೆಚ್ಚು ಕಡಿಮೆ ಅಷ್ಟೇ ಕೆಲಸ ಮಾಡುತ್ತದೆ. ಮಳೆನೀರು ಹಿಡಿಯಲು ಡ್ರಮ್ ಇದ್ದರೆ ಮಲ್ಲಿಗೆಗೆ ಅದನ್ನೇ ಮೀಸಲಿಡಿ. ಅಂದಹಾಗೆ, ಉಪ್ಪು ಬಳಸುವ ಸಾಫ್ಟನರ್ ಯಂತ್ರದ ನೀರು ಗಿಡಕ್ಕೆ ಬೇಡವೇ ಬೇಡ. ಅದರಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆ.

ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ, ಬೂದಿ ಹಾಕಿದ್ರೆ ಸಾಕಲ್ವಾ?

ಬಾಳೆಸಿಪ್ಪೆ ನೆನೆಸಿದ ನೀರಿನಲ್ಲಿ ಸ್ವಲ್ಪ ಪೊಟ್ಯಾಷ್ ಇರುತ್ತದೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಎಲೆ ಹಳದಿಗೆ ಅದು ಮದ್ದಲ್ಲ. ಮೊಟ್ಟೆ ಸಿಪ್ಪೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಇಲ್ಲದ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ, ವರ್ಷ ಕಳೆದು ಕುಂಡ ಕೆದಕಿದರೂ ಚೂರು ಚೂರಾಗಿ ಹಾಗೇ ಸಿಗುತ್ತದೆ. ಬೂದಿ ಪಿಎಚ್ ಏರಿಸುತ್ತದೆ. ಕಬ್ಬಿಣ ಸಿಗದೆ ಹಳದಿಯಾದ ಮಲ್ಲಿಗೆಗೆ ಬೂದಿ ಹಾಕುವುದು ಉರಿಗೆ ತುಪ್ಪ ಸುರಿದ ಹಾಗೆ.

ಕಡಲೆಕಾಯಿ ಹಿಂಡಿ ನೀರು ಎಷ್ಟು, ಹೇಗೆ?

ಇದು ನಿಜಕ್ಕೂ ಕೆಲಸ ಮಾಡುತ್ತದೆ, ಹಿಂಡಿಯಲ್ಲಿ ಸುಮಾರು ಶೇ. 7 ಸಾರಜನಕ ಇದೆ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ದಿನಕ್ಕೊಮ್ಮೆ ಕಲಕಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಅರ್ಧ ಲೀಟರ್ ಹಾಕಿ. ಹದಿನೈದು ದಿನಕ್ಕೊಮ್ಮೆ ಸಾಕು. ಪುಡಿಯನ್ನು ನೇರ ಬುಡಕ್ಕೆ ಹಾಕಿದರೆ ಕೊಳೆಯುವಾಗಿನ ಬಿಸಿ, ಅಮೋನಿಯಾ ಬೇರಿಗೆ ತಾಗುತ್ತದೆ, ಇರುವೆ, ಇಲಿ ಬೇರೆ. ಫಲ ಕಾಣಲು ಎರಡು ವಾರ ಬೇಕು, ಅಷ್ಟರೊಳಗೆ ಎರಡನೇ ಡೋಸ್ ಬೇಡ.

ಹೂ ಜಾಸ್ತಿ ಬರ್ಲಿ ಅಂತ ತಿಂಗಳಿಗೊಂದು ಚಮಚ ಡಿಎಪಿ ಹಾಕ್ತೀನಿ. ಸರಿನಾ?

ಬೇಡ. ಡಿಎಪಿಯಲ್ಲಿ 18 ಭಾಗ ಸಾರಜನಕಕ್ಕೆ 46 ಭಾಗ ರಂಜಕ. ಗಿಡಕ್ಕೆ ರಂಜಕ ಬೇಕಿರುವುದು ಸಾರಜನಕ, ಪೊಟ್ಯಾಷಿಗಿಂತ ಎಷ್ಟೋ ಕಡಿಮೆ. ಉಳಿದದ್ದು ಕುಂಡದಲ್ಲೇ ಕೂತು ಕಬ್ಬಿಣ, ಸತುವನ್ನು ಹಿಡಿದಿಡುತ್ತದೆ. ದಾಸವಾಳಕ್ಕಂತೂ ಹೆಚ್ಚು ರಂಜಕ ಆಗಿಬರುವುದಿಲ್ಲ. ಈಗಾಗಲೇ ವರ್ಷಗಟ್ಟಲೆ ಹಾಕಿದ್ದರೆ ಮಣ್ಣು ಬದಲಿಸುವುದೇ ನೇರ ದಾರಿ.

ಎಲ್ಲಾ ಗೊಬ್ಬರ ಒಂದೇ ಬಕೆಟ್ಟಲ್ಲಿ ಕಲಸಬಹುದಾ?

ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ಯಾವುದರ ಜೊತೆಗೂ ಬೆರೆಸಬೇಡಿ. ಎಪ್ಸಮ್, ಅನ್ನಭೇದಿ, ಜಿಂಕ್ ಸಲ್ಫೇಟ್ ಜೊತೆ ಸೇರಿದರೆ ಜಿಪ್ಸಮ್ ಆಗಿ, 19:19:19 ಜೊತೆ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕೆ ಇಳಿಯುತ್ತದೆ. ಒಂದು ವಾರ ಕ್ಯಾಲ್ಸಿಯಂ, ಮುಂದಿನ ವಾರ ಮಿಕ್ಕದ್ದು.

## ಅನುಮಾನ ಉಳಿದರೆ

ಕಬ್ಬಿಣಾನಾ ಮ್ಯಾಂಗನೀಸಾ ಗೊತ್ತಾಗ್ತಿಲ್ಲ. ಮನೇಲೇ ಟೆಸ್ಟ್ ಇದ್ಯಾ?

ಇದೆ. ಒಂದೇ ವಯಸ್ಸಿನ ಮೂರು ಹಳದಿ ಎಲೆ ಆರಿಸಿ ಬಣ್ಣದ ದಾರ ಕಟ್ಟಿ. ಒಂದಕ್ಕೆ ಮೇಲೆ ಹೇಳಿದ ಅನ್ನಭೇದಿ ದ್ರಾವಣ, ಇನ್ನೊಂದಕ್ಕೆ ಮ್ಯಾಂಗನೀಸ್ ಸಲ್ಫೇಟ್ ಲೀಟರಿಗೆ 2 ಗ್ರಾಂ, ಮೂರನೆಯದಕ್ಕೆ ಬರೀ ನೀರು, ನಡುನರದ ಒಂದು ಬದಿಗೆ ಮಾತ್ರ ಬ್ರಷ್ಷಿನಲ್ಲಿ ಬಳಿಯಿರಿ. ಐದರಿಂದ ಎಂಟು ದಿನದಲ್ಲಿ ಯಾವ ಎಲೆಯ ಬಳಿದ ಬದಿ ಹಸಿರಾಯಿತೋ ಅದೇ ಉತ್ತರ. ಕಬ್ಬಿಣವಾದರೆ ಹನಿ ಕೂತ ಜಾಗ ಮಾತ್ರ ಹಸಿರು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಯಾವುದೂ ಬದಲಾಗದಿದ್ದರೆ ಸಮಸ್ಯೆ ಬೇರಿನಲ್ಲಿದೆ.

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯೋದು) ಇದೆ. ಅದರಿಂದ ಏನಾದ್ರೂ ತಿಳಿಯತ್ತಾ?

ಕೊರತೆಯೋ ಅತಿಯೋ ಎಂಬುದು ತಿಳಿಯುತ್ತದೆ. ಕುಂಡಕ್ಕೆ ಪೂರ್ತಿ ನೀರುಣಿಸಿ ಒಂದು ಗಂಟೆ ಬಿಡಿ. ತಟ್ಟೆ ತೊಳೆದು ಕೆಳಗಿಟ್ಟು, ಸುಮಾರು 350 ಮಿಲಿ ನೀರನ್ನು ಮಣ್ಣಿನ ಮೇಲೆ ಸುತ್ತಲೂ ಹಾಕಿ. ತಟ್ಟೆಗೆ ಇಳಿದ ಮೊದಲ 50 ಮಿಲಿಯನ್ನು ಅಳೆಯಿರಿ. ಸಾಮಾನ್ಯ ಟಿಡಿಎಸ್ ಮೀಟರಿನಲ್ಲಿ 500 ಎಂದರೆ ಇಸಿ (ನೀರಿನ ವಿದ್ಯುತ್ ವಾಹಕತೆ) 1. ನಿಮ್ಮ ನಲ್ಲಿ ನೀರಿಗಿಂತ ಸ್ವಲ್ಪವೇ ಹೆಚ್ಚಿದ್ದರೆ ಗಿಡ ಹಸಿದಿದೆ. 500ರಿಂದ 1300ರವರೆಗೆ ಹೂಗಿಡಕ್ಕೆ ಸರಿ. 2000 ದಾಟಿದರೆ ಗೊಬ್ಬರ ನಿಲ್ಲಿಸಿ ತೊಳೆಯಿರಿ. ಅದೇ ನೀರಿನ ಪಿಎಚ್ ಕೂಡ ನೋಡಿಕೊಳ್ಳಿ, 5.8ರಿಂದ 6.5 ಇರಬೇಕು. ಯಾವ ಪೋಷಕಾಂಶ ಎಷ್ಟಿದೆ ಎಂಬುದನ್ನು ಮೀಟರ್ ಹೇಳಲಾರದು.

ತೊಳೆಯೋದು ಅಂದ್ರೆ ಹೇಗೆ?

ಕುಂಡದ ಗಾತ್ರದ ಮೂರು ಪಟ್ಟು ನೀರು, ಅಂದರೆ 45 ಲೀಟರ್, ಅರ್ಧ ಗಂಟೆಯ ಅಂತರದಲ್ಲಿ ಮೂರು ಕಂತಾಗಿ. ಇಳಿದ ನೀರು ತಟ್ಟೆಯಲ್ಲಿ ನಿಲ್ಲಬಾರದು. ಬೆಳಿಗ್ಗೆ ಮಾಡಿ, ಸಂಜೆಯೊಳಗೆ ಗಾಳಿಯಾಡಲಿ. ಎರಡು ಮೂರು ದಿನದ ನಂತರ ಅರ್ಧ ಸಾಂದ್ರತೆಯ 19:19:19, ಏಕೆಂದರೆ ಉಪ್ಪಿನ ಜೊತೆ ಒಳ್ಳೆಯದೂ ಹೋಗಿರುತ್ತದೆ.

ಬರೀ ಕೋಕೋಪೀಟಲ್ಲಿ ಬೆಳೆಸಿದ್ರೆ ಬೇರೆ ಲೆಕ್ಕಾನಾ?

ಹೌದು. ಕೋಕೋಪೀಟ್ ಎಂದರೆ ತೆಂಗಿನ ನಾರಿನ ಪುಡಿ, ತೊಳೆಯದಿದ್ದರೆ ಅದರಲ್ಲಿ ಪೊಟ್ಯಾಷ್, ಸೋಡಿಯಂ ತುಂಬಿರುತ್ತದೆ. ಅದು ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಅವನ್ನು ಬಿಡುತ್ತದೆ. 5 ಕೆಜಿಯ ಕೋಕೋಪೀಟ್ ಇಟ್ಟಿಗೆಯನ್ನು ಎರಡು ಸಲ ತೊಳೆದು, 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆದು ಬಳಸಿ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮ ಸಮ ಇದ್ದರೆ ಇಷ್ಟು ತಲೆಬಿಸಿ ಇಲ್ಲ.

ಮದ್ದು ಹಾಕಿದ್ಮೇಲೆ ಎಷ್ಟು ದಿನಕ್ಕೆ ಎಲೆ ಹಸಿರಾಗತ್ತೆ?

ಕಬ್ಬಿಣ, ಮೆಗ್ನೀಷಿಯಂ ಸಿಂಪಡಣೆಗೆ ಒಂದೆರಡು ವಾರ. ಸಾರಜನಕಕ್ಕೆ ಹೊಸ ಎಲೆಯಲ್ಲಿ 10–15 ದಿನ. ಪೂರ್ತಿ ಹಣ್ಣಾದ ಎಲೆ, ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಅದನ್ನೇ ನೋಡುತ್ತ "ಫಲ ಸಿಗಲಿಲ್ಲ" ಎಂದು ಡೋಸ್ ಏರಿಸಬೇಡಿ. ಮದ್ದು ಹಾಕಿದ ದಿನ ತುದಿಯ ಎಲೆಗೆ ದಾರ ಕಟ್ಟಿ, ಅದರ ಮೇಲೆ ಬಂದ ಎಲೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಎಲ್ಲಾ ಮಾಡಿದೆ, ಗಿಡ ಹಾಗೇ ಇದೆ. ಇನ್ನೇನು?

ಗಿಡ ಅದೇ ಕುಂಡದಲ್ಲಿ ಎಷ್ಟು ವರ್ಷದಿಂದ ಇದೆ ನೋಡಿ. ನೀರು ಹಾಕಿದ ತಕ್ಷಣ ಅಂಚಿನಿಂದ ಜಾರಿ ಕೆಳಗೆ ಹರಿದುಹೋದರೆ, ಹೊರಗೆಳೆದಾಗ ಮಣ್ಣು ಕಾಣದೆ ಬೇರಿನ ಸುರುಳಿಯೇ ಬಂದರೆ ಯಾವ ಗೊಬ್ಬರವೂ ನಾಟುವುದಿಲ್ಲ. ಮಲ್ಲಿಗೆಗಾದರೆ ನವೆಂಬರ್ ಕೊನೆಯಲ್ಲಿ ಸವರುವಾಗಲೇ ಈ ಕೆಲಸ ಮುಗಿಸಿ: ಬೇರಿನ ಉಂಡೆಯ ಹೊರಸುತ್ತನ್ನು ಎರಡು ಬೆರಳಗಲ ಕತ್ತರಿಸಿ, ತಳದ ಚಾಪೆ ತೆಗೆದು, ಹೊಸ ಮಿಶ್ರಣ ತುಂಬಿ, ಒಂದು ವಾರ ನೆರಳಿನಲ್ಲಿಡಿ. ಮಣ್ಣು ಪರೀಕ್ಷೆಗೆ ಕೊಡುವುದಾದರೆ ಮೇಲಿನ ಎರಡು ಇಂಚು ಬಿಟ್ಟು ಮಧ್ಯದಿಂದ ತೆಗೆದ ಅರ್ಧ ಕಿಲೋ ಮಣ್ಣನ್ನು ನೆರಳಲ್ಲಿ ಒಣಗಿಸಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಚೀಟಿಯಲ್ಲಿ "ಕುಂಡದ ಮಣ್ಣು" ಎಂದು ಬರೆಯಿರಿ, ಇಲ್ಲದಿದ್ದರೆ ಶಿಫಾರಸು ಎಕರೆ ಲೆಕ್ಕದಲ್ಲಿ ಬರುತ್ತದೆ.